ಅಗ್ಗದ ಇಂಪೋರ್ಟೆಡ್ ಹ್ಯಾಂಡಿ: ಹ್ಯಾಮ್ ಕೈಯಲ್ಲಿ ಯಾವುದು ಕಾನೂನಿಗೆ ಒಪ್ಪುತ್ತದೆ?

ಹೊಸದಾಗಿ ಕಾಲ್‌ಸೈನ್ (ಲೈಸೆನ್ಸ್ ಜೊತೆ ಬರುವ ಗುರುತಿನ ಹೆಸರು) ಸಿಕ್ಕ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಕೇಳುವ ಮೊದಲ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ‘ಚೀನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಸೆಟ್) ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಬಹುದಾ? ಕಾನೂನಿನ ತೊಂದರೆ ಏನಾದ್ರೂ ಇದೆಯಾ?’ ಒಬ್ಬ ಹಿರಿಯ ಹ್ಯಾಮ್ ‘ಎಲ್ಲರೂ ಬಳಸ್ತಾರೆ, ಸುಮ್ನೆ ತಗೊಳ್ಳಿ’ ಅಂತಾರೆ. ಇನ್ನೊಬ್ಬರು ‘ಅದು ಅಕ್ರಮ, ಮುಟ್ಟಲೇಬೇಡಿ’ ಅಂತಾರೆ. ಕೇಳಿದವರಿಗೆ ತಲೆ ಕೆಡುತ್ತದೆ.

ಇಬ್ಬರೂ ಅರ್ಧ ಸರಿ. ‘ಈ ರೇಡಿಯೊ ಕಾನೂನುಬದ್ಧವೇ’ ಅನ್ನುವುದರೊಳಗೆ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಅದನ್ನು ತರಿಸಿ ಮಾರಿದ್ದು ಸರಿಯೇ? ನೀವು ಅದನ್ನು ಇಟ್ಟುಕೊಂಡದ್ದು ಸರಿಯೇ? ಅದರ ಆಂಟೆನಾದಿಂದ ಹೊರಬಿದ್ದದ್ದು ಸರಿಯೇ? ಮೊದಲನೆಯದಕ್ಕೆ ಮುಖ್ಯವಾಗಿ ಆಮದುದಾರ, ಅಂಗಡಿಯವರು ಉತ್ತರ ಕೊಡಬೇಕು. ಎರಡನೆಯದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಮೂರನೆಯದು ಮಾತ್ರ ಎಲ್ಲಿ ಹೋದರೂ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದವರ ತಲೆಗೇ. ಹಾಗಾಗಿ ಕೊಳ್ಳುವಾಗ ಮೂರನೆಯದಕ್ಕೆ ಜಾಸ್ತಿ ತೂಕ ಕೊಡಿ ಅನ್ನುವುದು ನನ್ನ ಸಲಹೆ. ಪೇಟೆಯಲ್ಲಿ ನಡೆಯುವ ಚರ್ಚೆ ಬರೀ ಮೊದಲನೆಯದರ ಸುತ್ತ ಗಿರಕಿ ಹೊಡೆಯುತ್ತದೆ.

ಯಾವುದರಿಂದ ಅಳೆಯಬೇಕು

ಮೊದಲು ನಿಮ್ಮ ಲೈಸೆನ್ಸ್. ಅಮೆರಿಕದಂಥ ಕಡೆ ಲೈಸೆನ್ಸ್ ಇಲ್ಲದವರೂ ಹ್ಯಾಮ್ ಸೆಟ್ ಕೊಂಡು ಕೇಳುತ್ತಾ ಕೂರಬಹುದು. ಟ್ರಾನ್ಸ್‌ಮಿಟ್ ಮಾಡುವ ಹಾಗಿಲ್ಲ ಅಷ್ಟೆ. ಭಾರತದಲ್ಲಿ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಕಾಲದಿಂದಲೂ ಪರವಾನಗಿ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೇ ತಪ್ಪು. 2023ರ ದೂರಸಂಪರ್ಕ ಕಾಯ್ದೆಯೂ ಅದೇ ಜಾಡಿನಲ್ಲಿದೆ. ‘ಪರೀಕ್ಷೆ ಮುಂದಿನ ತಿಂಗಳು, ಸೆಟ್ ಈಗಲೇ ತರಿಸಿಡ್ತೀನಿ’ ಅನ್ನುವ ಆತುರ ಒಂದು ದೇಶದಲ್ಲಿ ಮುಗ್ಧ, ಇನ್ನೊಂದರಲ್ಲಿ ಅಪರಾಧ. ಜೊತೆಗೆ, ಹ್ಯಾಮ್ ಲೈಸೆನ್ಸ್ ಹವ್ಯಾಸಕ್ಕೆ ಮಾತ್ರ. ಹಣದ ಲಾಭದ ಉದ್ದೇಶ ಇರಬಾರದು ಅನ್ನುವುದು ಅಂತರರಾಷ್ಟ್ರೀಯ ರೇಡಿಯೊ ನಿಯಮಗಳ ವ್ಯಾಖ್ಯೆಯಲ್ಲೇ ಇದೆ. ಗೋದಾಮಿನ ಹುಡುಗರಿಗೆ, ಮದುವೆ ಛತ್ರದ ಕೆಲಸಕ್ಕೆ ಅಂತ ಹ್ಯಾಮ್ ಹ್ಯಾಂಡಿ ಹಂಚುವಂತಿಲ್ಲ.

ಎರಡನೆಯದು ಸೆಟ್ಟಿನ ಕಾಗದ. ಡಬ್ಬಿಯ ಮೇಲೆ ಮುದ್ರೆ ಇದೆ ಅಂದ ಮಾತ್ರಕ್ಕೆ ನಂಬಬೇಡಿ, ಆ ಮುದ್ರೆ ಏನನ್ನು ಹೇಳುತ್ತಿದೆ ನೋಡಿ. ಅಮೆರಿಕಕ್ಕೆಂದು ಮಾಡಿದ ಸೆಟ್ಟಿನ ಬೆನ್ನಿನಲ್ಲಿ, ಬ್ಯಾಟರಿ ತೆಗೆದರೆ ಕಾಣುವಂತೆ, ಅಲ್ಲಿನ ರೇಡಿಯೊ ನಿಯಂತ್ರಕ ಎಫ್‌ಸಿಸಿಯ ಐಡಿ ಇರುತ್ತದೆ. ಅದನ್ನು ಎಫ್‌ಸಿಸಿಯ ಹುಡುಕು ಪುಟದಲ್ಲಿ ಹಾಕಿದರೆ ಅನುಮತಿ ಪತ್ರವೇ ತೆರೆಯುತ್ತದೆ. ಅದರಲ್ಲಿ ನಿಯಮದ ಭಾಗ, ಫ್ರೀಕ್ವೆನ್ಸಿ ವ್ಯಾಪ್ತಿ, ವಾಟ್ ಎಲ್ಲ ಇರುತ್ತದೆ. ಭಾಗ 90 ಎಂದಿದ್ದರೆ ಕಂಪನಿ, ಸರ್ಕಾರಿ ಇಲಾಖೆಗಳ ವೈರ್‌ಲೆಸ್‌ಗೆ ಟ್ರಾನ್ಸ್‌ಮಿಟರ್ ಪರೀಕ್ಷೆಯಾಗಿದೆ. ಭಾಗ 95 ಎಂದಿದ್ದರೆ ಎಫ್‌ಆರ್‌ಎಸ್, ಜಿಎಂಆರ್‌ಎಸ್‌ನಂಥ ಸಾಮಾನ್ಯ ಜನರ ವಾಕಿಟಾಕಿ ಸೇವೆಗೆ. ಬರೀ ಭಾಗ 15 ಎಂದಿದ್ದರೆ? ಆ ಕಾಗದ ರಿಸೀವರ್‌ಗೆ ಸಂಬಂಧಿಸಿದ್ದು. ಟ್ರಾನ್ಸ್‌ಮಿಟರ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ‘ಎಫ್‌ಸಿಸಿ ಅಪ್ರೂವ್ಡ್’ ಎಂದು ದೊಡ್ಡದಾಗಿ ಬರೆದ ಎಷ್ಟೋ ಸೆಟ್‌ಗಳ ಅಸಲಿ ಕಥೆ ಇಷ್ಟೇ.

ಯುರೋಪಿನ ದಾರಿ ಬೇರೆ. 2014ರ ರೇಡಿಯೊ ಉಪಕರಣ ನಿರ್ದೇಶನದ ಪ್ರಕಾರ ಹವ್ಯಾಸಿ ತಾನೇ ಕಟ್ಟಿದ ಸೆಟ್, ಜೋಡಿಸುವ ಕಿಟ್, ತನ್ನ ಬಳಕೆಗೆಂದು ಮಾರ್ಪಡಿಸಿದ ಸೆಟ್ ಇವಕ್ಕೆ ವಿನಾಯಿತಿ ಇದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹ್ಯಾಮ್ ಸೆಟ್‌ಗೆ ಇಲ್ಲ. ಅದಕ್ಕೆ ಸಿಇ ಮುದ್ರೆ (ಯುರೋಪಿನ ನಿಯಮಕ್ಕೆ ಒಪ್ಪುತ್ತದೆಂಬ ಗುರುತು), ಅನುಸರಣಾ ಘೋಷಣೆ, ತಯಾರಕ ಹೊರಗಿನವನಾದರೆ ಆಮದುದಾರನ ಹೆಸರು ಮತ್ತು ವಿಳಾಸ ಬೇಕು. ವಿಳಾಸವೇ ಇಲ್ಲದ ಸಿಇ ಕಂಡರೆ ಆ ಸೆಟ್ ವಾಪಸ್ ಇಡಿ.

ಮೂರನೆಯದು ಬೀಗ. ಸೆಟ್ ಯಾವ ಫ್ರೀಕ್ವೆನ್ಸಿಯಲ್ಲಿ ಟ್ರಾನ್ಸ್‌ಮಿಟ್ ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ? ಅಮೆರಿಕದಲ್ಲಿ ಎಫ್‌ಸಿಸಿ 2018ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಎಚ್ಚರಿಕೆಯ ತಿರುಳು ಇದೇ. ಹ್ಯಾಮ್ ಬ್ಯಾಂಡಿನಲ್ಲಿ ಮಾತ್ರ ಓಡುವ ಸೆಟ್‌ಗೆ ಉಪಕರಣ ಅನುಮೋದನೆ ಬೇಡ. ಹೊರಗೂ ಓಡಬಲ್ಲದ್ದಕ್ಕೆ ಬೇಕು, ಇಲ್ಲದಿದ್ದರೆ ಆಮದು, ಜಾಹೀರಾತು, ಮಾರಾಟ ಮೂರೂ ತಪ್ಪು. ಅಂದರೆ ‘ಹೆಚ್ಚು ವ್ಯಾಪ್ತಿ’ ಎಂದು ಮಾರುವವರು ಹೊಗಳಿಕೊಳ್ಳುವ ಗುಣವೇ ಕಾನೂನಿನ ಕಣ್ಣಿಗೆ ದೋಷ.

ಬೀಗ ಯಾವ ದೇಶದ್ದು ಅನ್ನುವುದೂ ಮುಖ್ಯ. ಅಮೆರಿಕದ ಹ್ಯಾಮ್‌ಗೆ ಎರಡು ಮೀಟರ್ ಬ್ಯಾಂಡಿನಲ್ಲಿ (ಅಲೆಯ ಉದ್ದದಿಂದ ಬಂದ ಹೆಸರು) 144ರಿಂದ 148 ಮೆಗಾಹರ್ಟ್ಸ್, 70 ಸೆಂಟಿಮೀಟರ್‌ನಲ್ಲಿ 420ರಿಂದ 450. ಯುರೋಪಿನಲ್ಲಿ ಸಾಮಾನ್ಯವಾಗಿ 144ರಿಂದ 146, 430ರಿಂದ 440. ಭಾರತದಲ್ಲಿ 144ರಿಂದ 146, 434ರಿಂದ 438. ಅಮೆರಿಕದ ಬೀಗ ಹಾಕಿದ ಸೆಟ್ ಭಾರತದ ಹ್ಯಾಮ್ ಕೈಗೆ ಬಂದರೆ 147 ಮೆಗಾಹರ್ಟ್ಸ್ ಅವರಿಗೆ ತೆರೆದೇ ಇರುತ್ತದೆ. ಬೀಗವಿದೆ ಎಂಬ ನೆಮ್ಮದಿ ಆಗ ಸುಳ್ಳು ನೆಮ್ಮದಿ.

ನಾಲ್ಕನೆಯದು ಸಿಗ್ನಲ್‌ನ ಶುದ್ಧತೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕಂದರೆ ಡಬ್ಬಿಯ ಮೇಲೆ ಇದು ಕಾಣುವುದೇ ಇಲ್ಲ.

ಒಳಗಿನ ಕೊಳೆ

145 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದಾಗ ಯಾವ ಟ್ರಾನ್ಸ್‌ಮಿಟರ್ ಆದರೂ ಸ್ವಲ್ಪ ಶಕ್ತಿಯನ್ನು 290ರಲ್ಲೂ 435ರಲ್ಲೂ ಹೊರಹಾಕುತ್ತದೆ. ಇವೇ ಹಾರ್ಮಾನಿಕ್. ಇವನ್ನು ತಡೆಯುವುದು ಆಂಟೆನಾಗೆ ಮುಂಚೆ ಇರುವ ಲೋ-ಪಾಸ್ ಫಿಲ್ಟರ್, ಅಂದರೆ ಕೆಲವೇ ಕಾಯಿಲ್ ಮತ್ತು ಕೆಪಾಸಿಟರ್. ಅಗ್ಗದ ಸೆಟ್‌ನಲ್ಲಿ ಜುಗ್ಗತನ ಮೊದಲು ತಟ್ಟುವುದು ಇಲ್ಲಿಗೇ. ಮಾತು ಚೆನ್ನಾಗೇ ಕೇಳಿಸುತ್ತದೆ, ರಿಪೀಟರ್ (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಚೆನ್ನಾಗೇ ತೆರೆಯುತ್ತದೆ. ಕೊಳೆ ಮಾತ್ರ ಬೇರೆಯವರ ಅಂಗಳಕ್ಕೆ ಬೀಳುತ್ತದೆ.

ಆ ಅಂಗಳ ಯಾರದು ನೋಡಿ. 290 ಮೆಗಾಹರ್ಟ್ಸ್ ಇರುವುದು 225ರಿಂದ 400ರ ನಡುವೆ; ಎಷ್ಟೋ ದೇಶಗಳಲ್ಲಿ ಅದು ಸೇನಾ ವಿಮಾನಗಳ ಸಂಪರ್ಕದ ಜಾಗ. ಮೂರನೇ ಹಾರ್ಮಾನಿಕ್ 435 ಮೆಗಾಹರ್ಟ್ಸ್. 435ರಿಂದ 438ರವರೆಗಿನ ಪಟ್ಟಿ ಹ್ಯಾಮ್ ಉಪಗ್ರಹಗಳು ಬಳಸುವ ಜಾಗ. 145ನ್ನು ಮೂರರಿಂದ ಗುಣಿಸಿ, 146ನ್ನೂ ಗುಣಿಸಿ: ಕರಾರುವಾಕ್ಕಾಗಿ ಅದೇ ಪಟ್ಟಿ ಬರುತ್ತದೆ. ಕೊಳಕು ಹ್ಯಾಂಡಿಯಿಂದ ಮೊದಲು ತೊಂದರೆ ಆಗುವುದು ಪಕ್ಕದಲ್ಲೇ ಉಪಗ್ರಹದ ಕ್ಷೀಣ ಸಿಗ್ನಲ್‌ಗೆ ಕಿವಿಗೊಟ್ಟು ಕೂತ ಗೆಳೆಯರಿಗೇ.

ಮಿತಿ ಎಷ್ಟು? ಉದಾಹರಣೆಗೆ ಅಮೆರಿಕದ ನಿಯಮ ತೆಗೆದುಕೊಳ್ಳಿ. 30ರಿಂದ 225 ಮೆಗಾಹರ್ಟ್ಸ್ ನಡುವೆ, 25 ವಾಟ್ ಮತ್ತು ಅದಕ್ಕಿಂತ ಕಡಿಮೆ ಶಕ್ತಿಯ ಹ್ಯಾಮ್ ಟ್ರಾನ್ಸ್‌ಮಿಟರ್‌ನ ಬೇಡದ ಸಿಗ್ನಲ್ 25 ಮೈಕ್ರೊವಾಟ್ ದಾಟಬಾರದು. 5 ವಾಟ್ ಹ್ಯಾಂಡಿಗೆ ಲೆಕ್ಕ ಹಾಕಿದರೆ ಮೂಲ ಸಿಗ್ನಲ್‌ಗಿಂತ 53 ಡಿಬಿ (ಡೆಸಿಬೆಲ್; ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು ಬದಲು) ಕೆಳಗೆ. ಹಾರ್ಮಾನಿಕ್ ಬರೀ 30 ಡಿಬಿ ಕೆಳಗಿದ್ದರೆ 5 ಮಿಲಿವಾಟ್ ಸೋರುತ್ತಿದೆ ಎಂದರ್ಥ, ಅಂದರೆ ಮಿತಿಯ 200 ಪಟ್ಟು. ಇದೇ ನಿಯಮದಲ್ಲಿ 25 ವಾಟ್‌ನ ಕಾರಿನ ಸೆಟ್‌ಗೆ 60 ಡಿಬಿ ಬೇಕು. ಶಕ್ತಿ ಹೆಚ್ಚಿದಷ್ಟೂ ಫಿಲ್ಟರ್ ಬಿಗಿಯಾಗಬೇಕು. ಹಾಗಾಗಿ ಅಗ್ಗದ ಹ್ಯಾಂಡಿಗಿಂತ ಅಗ್ಗದ ಕಾರಿನ ಸೆಟ್ ಬಗ್ಗೆ ನನಗೆ ಅನುಮಾನ ಜಾಸ್ತಿ.

ಅಮೆರಿಕದ ಹವ್ಯಾಸಿಗಳ ಸಂಘ ಎಆರ್‌ಆರ್‌ಎಲ್‌ನ ಪ್ರಯೋಗಾಲಯದವರು ಹ್ಯಾಮ್ ಮೇಳಗಳಲ್ಲಿ ಜನ ತಂದ ಹ್ಯಾಂಡಿಗಳನ್ನು ಅಳೆದಿದ್ದಾರೆ. ಹಳೆಯ ಹೆಸರಾಂತ ಕಂಪನಿಗಳ ಸೆಟ್‌ಗಳು ಪಾಸಾದವು. ಅತಿ ಅಗ್ಗದವುಗಳಲ್ಲಿ ಬಹಳಷ್ಟು ಎರಡು ಮೀಟರ್‌ನಲ್ಲಿ ಫೇಲಾದವು. ಅವೇ ಸೆಟ್‌ಗಳು 70 ಸೆಂಟಿಮೀಟರ್‌ನಲ್ಲಿ ಅಷ್ಟು ಕೆಟ್ಟದಾಗಿರಲಿಲ್ಲ. ಇನ್ನೊಂದು ತಲೆನೋವು: ಒಂದೇ ಮಾಡೆಲ್‌ನ ಒಂದು ಸೆಟ್ ಸರಿಯಿದ್ದು ಇನ್ನೊಂದು ಸರಿಯಿಲ್ಲದಿರಬಹುದು. ಬೇರೆಯವರ ಯೂಟ್ಯೂಬ್ ಪರೀಕ್ಷೆ ನಿಮ್ಮ ಕೈಯಲ್ಲಿರುವ ಸೆಟ್‌ಗೆ ಸಾಕ್ಷಿಯಾಗುವುದಿಲ್ಲ.

ಅಳೆಯುವುದು ಈಗ ಕಷ್ಟವೇನಲ್ಲ. ಟೈನಿಎಸ್‌ಎಯಂಥ ಪುಟ್ಟ ಸ್ಪೆಕ್ಟ್ರಂ ಅನಲೈಸರ್ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಯಂತ್ರ) ಕ್ಲಬ್‌ನಲ್ಲಿ ಯಾರಾದರೂ ಒಬ್ಬರ ಹತ್ತಿರ ಇದ್ದೇ ಇರುತ್ತದೆ. ಹ್ಯಾಂಡಿಯನ್ನು ಅದಕ್ಕೆ ನೇರ ಸಿಕ್ಕಿಸಿದರೆ ಅನಲೈಸರ್ ಸುಟ್ಟೇ ಹೋಗುತ್ತದೆ, ಜೋಕೆ. 5 ವಾಟ್ ಅಂದರೆ 37 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡಿಬಿ). ನಡುವೆ ಆ ಶಕ್ತಿ ತಾಳುವ 40 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಭಾಗ) ಇಟ್ಟರೆ ಮೈನಸ್ 3ಕ್ಕೆ ಇಳಿಯುತ್ತದೆ. ಆಮೇಲೆ 145, 290, 435 ಮೂರನ್ನೂ ನೋಡಿ. ಕಂಡ ಹಾರ್ಮಾನಿಕ್ ಸೆಟ್ಟಿನದೋ ಅನಲೈಸರ್‌ನದೇ ಸೃಷ್ಟಿಯೋ? ಅನಲೈಸರ್‌ನ ಒಳ ಅಟೆನ್ಯುಯೇಶನ್ 10 ಡಿಬಿ ಹೆಚ್ಚಿಸಿ. ಪರದೆಯ ಮೇಲಿನ ಹಾರ್ಮಾನಿಕ್ ಅಂಕಿ ಅಲ್ಲಾಡದಿದ್ದರೆ ಅದು ಸೆಟ್ಟಿನದೇ. ಕೆಳಗಿಳಿದರೆ ಅನಲೈಸರ್‌ಗೆ ಸಿಗ್ನಲ್ ಜಾಸ್ತಿಯಾಗಿತ್ತು ಅಷ್ಟೆ. ಹೈ ಪವರ್, ಲೋ ಪವರ್ ಎರಡರಲ್ಲೂ ನೋಡಿ. ಲೋನಲ್ಲಿ ಶುದ್ಧವಾಗಿರುತ್ತದೆ ಎಂದು ಊಹಿಸಬೇಡಿ.

ಈಗ ಆಯ್ಕೆಗಳು

ಎಲ್ಲ ಕಡೆ ತೆರೆದ ಅಗ್ಗದ ಡ್ಯೂಯಲ್ ಬ್ಯಾಂಡ್ ಹ್ಯಾಂಡಿ

ಬಾವೊಫೆಂಗ್ ಯುವಿ-5ಆರ್ ಮತ್ತು ಅದರ ನೂರಾರು ಸೋದರರು. 136ರಿಂದ 174, 400ರಿಂದ 520 ಮೆಗಾಹರ್ಟ್ಸ್ ಪೂರ್ತಿ ಟ್ರಾನ್ಸ್‌ಮಿಟ್ ಮಾಡುವ ರೂಪದಲ್ಲೇ ಇದು ಲೋಕಪ್ರಸಿದ್ಧ. ಈ ವ್ಯಾಪ್ತಿಯಲ್ಲಿ ಪೊಲೀಸ್, ಹಡಗು, ಅಗ್ನಿಶಾಮಕ ಎಲ್ಲರೂ ಬರಬಹುದು. ಮಾರಾಟದ ಪ್ರಶ್ನೆಯಲ್ಲಿ ಇದು ದುರ್ಬಲ, ಬೀಗದಲ್ಲಿ ಫೇಲು, ಶುದ್ಧತೆಯಲ್ಲಿ ಅದೃಷ್ಟದಾಟ. ಉಳಿಯುವ ಒಳ್ಳೆಯ ಮಾತು ಎರಡು: ಬೆಲೆ, ಮತ್ತು ಕಲಿಯಲು ಸಲೀಸು. ಬಿದ್ದರೂ ಹೊಟ್ಟೆ ಉರಿಯುವುದಿಲ್ಲ.

ಇದು ಈಗಾಗಲೇ ನಿಮ್ಮ ಹತ್ತಿರ ಇದ್ದರೆ, ಲೈಸೆನ್ಸೂ ಇದ್ದರೆ, ಎಸೆಯಬೇಕಿಲ್ಲ. ಚಿರ್ಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಹಳೆಯ ಯುವಿ-5ಆರ್‌ನ ಬ್ಯಾಂಡ್ ಮಿತಿಯನ್ನು ನೀವೇ ಬಿಗಿಮಾಡಬಹುದು. ಕೇಳಲು ಮಾತ್ರ ಬೇಕಾದ ಚಾನೆಲ್‌ಗೆ ಡ್ಯೂಪ್ಲೆಕ್ಸ್ ಕಾಲಂನಲ್ಲಿ ‘ಆಫ್’ ಹಾಕಿದರೆ ಅಲ್ಲಿ ಪಿಟಿಟಿ ಒತ್ತಿದರೂ ಟ್ರಾನ್ಸ್‌ಮಿಟ್ ಆಗದು. ಇದರಿಂದ ಮಾರಿದವನ ತಪ್ಪು ಸರಿಯಾಗದು, ಕೈತಪ್ಪಿ ಬೇರೆ ಕಡೆ ಕೂಗುವುದು ಮಾತ್ರ ತಪ್ಪುತ್ತದೆ. ಎರಡು ಮೀಟರ್‌ನಲ್ಲಿ ಸೆಟ್ ಕೊಳಕಾಗಿದೆ ಎಂದು ಅಳತೆಯಲ್ಲಿ ಕಂಡರೆ 70 ಸೆಂಟಿಮೀಟರ್‌ಗಷ್ಟೇ ಬಳಸಿ. ಮನೆಯ ಆಂಟೆನಾಗೆ ಜೋಡಿಸುವುದಾದರೆ ಕೇಬಲ್ ನಡುವೆ ಎರಡು ಮೀಟರ್‌ನ ಲೋ-ಪಾಸ್ ಫಿಲ್ಟರ್ ಹಾಕಬಹುದು. ಆದರೆ ಅದರ ಮೂಲಕ 70 ಸೆಂಟಿಮೀಟರ್ ಹೋಗುವುದಿಲ್ಲ, ಮತ್ತೆ ಕೈಯಲ್ಲಿ ಹಿಡಿದು ಓಡಾಡುವ ಸೆಟ್‌ಗೆ ಇದು ಪರಿಹಾರವೂ ಅಲ್ಲ.

ಹೊಸದಾಗಿ ಕೊಳ್ಳುವವರಿಗೆ? ನಾನು ಬೇಡ ಅಂತೀನಿ. ಪಕ್ಕದಲ್ಲೇ ಇದಕ್ಕಿಂತ ವಾಸಿಯಾದದ್ದು ಇದೆ.

ಅದೇ ಕಂಪನಿಯ ಬೀಗ ಹಾಕಿದ ಆವೃತ್ತಿ

ಅಮೆರಿಕದ ಎಚ್ಚರಿಕೆಯ ನಂತರ ಅಗ್ಗದ ತಯಾರಕರು ಹ್ಯಾಮ್ ಬ್ಯಾಂಡ್‌ಗಷ್ಟೇ ಟ್ರಾನ್ಸ್‌ಮಿಟ್ ಸೀಮಿತಗೊಳಿಸಿದ ಸೆಟ್‌ಗಳನ್ನು ತಂದರು. ಬೆಲೆಯಲ್ಲಿ ವ್ಯತ್ಯಾಸ ಇಲ್ಲವೆಂಬಷ್ಟು ಕಡಿಮೆ. ಬಜೆಟ್ ಬಿಗಿಯಿರುವ ಹೊಸ ಹ್ಯಾಮ್‌ಗೆ ಇದು ನ್ಯಾಯವಾದ ಆಯ್ಕೆ, ಎರಡು ಷರತ್ತಿನ ಮೇಲೆ. ಬೀಗ ನಿಮ್ಮ ದೇಶದ ಬ್ಯಾಂಡಿಗೆ ಹೊಂದಬೇಕು. ಸೆಟ್ ತಂದ ವಾರದಲ್ಲೇ ಸಿಗ್ನಲ್ ಅಳೆಸಬೇಕು, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು. ಬೀಗ ಹಾಕಿದ ಮಾತ್ರಕ್ಕೆ ಫಿಲ್ಟರ್ ಒಳ್ಳೆಯದಾಗುವುದಿಲ್ಲ.

ಕೆಲವು ಸೆಟ್‌ಗಳಲ್ಲಿ ಎರಡು ಮೂರು ಕೀ ಒಟ್ಟಿಗೆ ಒತ್ತಿ ಆನ್ ಮಾಡಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಮಾರುವವರೇ ಆ ಗುಟ್ಟನ್ನು ಕಿವಿಯಲ್ಲಿ ಹೇಳಿ ವ್ಯಾಪಾರ ಕುದುರಿಸುವುದುಂಟು. ಬಿಚ್ಚಿದ ಕೂಡಲೇ ನೀವು ಮೇಲಿನ ಮೊದಲ ಆಯ್ಕೆಗೇ ವಾಪಸ್ ಬಂದಿರಿ, ಅದೂ ಈ ಸಲ ಗೊತ್ತಿದ್ದೂ ಗೊತ್ತಿದ್ದೂ.

ಸೆಕೆಂಡ್ ಹ್ಯಾಂಡ್ ಕಮರ್ಷಿಯಲ್ ಸೆಟ್

ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಮಾತ್ರ ತುಂಬ ಇಷ್ಟ. ಸಾರಿಗೆ, ಕಾರ್ಖಾನೆ, ಭದ್ರತಾ ಸಂಸ್ಥೆಗಳು ಹೊಸದಕ್ಕೆ ಬದಲಾದಾಗ ಮೊಟೊರೋಲಾ, ಕೆನ್‌ವುಡ್, ಐಕಾಂನ ಗಟ್ಟಿಮುಟ್ಟು ಸೆಟ್‌ಗಳು ಹೊಸ ಅಗ್ಗದ ಸೆಟ್‌ನ ಹತ್ತಿರದ ಬೆಲೆಗೇ ಸಿಗುತ್ತವೆ. ಕಠಿಣ ಪರೀಕ್ಷೆ ದಾಟಿ ಬಂದವು. ಸಿಗ್ನಲ್ ಶುದ್ಧ. ರಿಸೀವರ್ ಎಷ್ಟು ಗಟ್ಟಿ ಎಂದರೆ ಪಕ್ಕದಲ್ಲಿ ದೊಡ್ಡ ಟವರ್ ಇದ್ದರೂ ಕಿವಿ ಕಳೆದುಕೊಳ್ಳುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಒಳ್ಳೆಯ ಜಾಗದಲ್ಲಿದೆ. ಅಮೆರಿಕದಲ್ಲಿ ಭಾಗ 90ರ ಸೆಟ್ಟನ್ನು ಹ್ಯಾಮ್ ತನ್ನ ಬ್ಯಾಂಡಿನಲ್ಲಿ ಬಳಸಬಹುದು. ಹ್ಯಾಮ್ ಸೆಟ್ಟನ್ನು ಕಂಪನಿಯ ಚಾನೆಲ್‌ನಲ್ಲಿ ಬಳಸುವಂತಿಲ್ಲ. ದಾರಿ ಒಂದೇ ದಿಕ್ಕಿನದು.

ತೊಂದರೆಗಳು ಬೇರೆ ಬಗೆಯವು. ಒಂದು ಸೆಟ್‌ಗೆ ಸಾಮಾನ್ಯವಾಗಿ ಒಂದೇ ಬ್ಯಾಂಡ್. ಕೀಪ್ಯಾಡ್‌ನಿಂದ ಫ್ರೀಕ್ವೆನ್ಸಿ ಒತ್ತುವಂತಿಲ್ಲ, ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ಮಾಡಿ ತುಂಬಬೇಕು. ಅದಕ್ಕೆ ಆ ಸೆಟ್‌ನದೇ ಕೇಬಲ್, ಸಾಫ್ಟ್‌ವೇರ್ ಬೇಕು. ಬ್ಯಾಟರಿ ಸತ್ತಿರುತ್ತದೆ, ಹೊಸದರ ಬೆಲೆ ಸೆಟ್ಟಿನ ಬೆಲೆಯನ್ನೇ ನಾಚಿಸಬಹುದು. ಎಲ್ಲಕ್ಕಿಂತ ದೊಡ್ಡ ಗುಂಡಿ ಯುಎಚ್‌ಎಫ್ (70 ಸೆಂಟಿಮೀಟರ್ ಬ್ಯಾಂಡ್ ಇರುವ ಕಡೆಯ) ಸೆಟ್‌ನ ‘ಸ್ಪ್ಲಿಟ್’, ಅಂದರೆ ಆ ಸೆಟ್ ಓಡುವ ಫ್ರೀಕ್ವೆನ್ಸಿಯ ತುಂಡು. 403ರಿಂದ 470ರ ಸೆಟ್ ಹ್ಯಾಮ್ ಬ್ಯಾಂಡಿಗೆ ಬರುತ್ತದೆ. ನೋಡಲು ಥೇಟ್ ಹಾಗೇ ಇರುವ 450ರಿಂದ 520ರದ್ದು ಯುರೋಪಿಗಾಗಲಿ ಭಾರತಕ್ಕಾಗಲಿ ಬರುವುದೇ ಇಲ್ಲ. ಹೊರಗಿನ ಹೆಸರನ್ನಷ್ಟೇ ನೋಡದೆ ಒಳಗಿನ ಲೇಬಲ್‌ನ ಪೂರ್ತಿ ಮಾಡೆಲ್ ಸಂಖ್ಯೆ ಓದಿ. ಸೆಟ್ ಕೈಗೆ ಬಂದ ತಕ್ಷಣ ಹಳೆಯ ಮಾಲೀಕರ ಚಾನೆಲ್‌ಗಳನ್ನು ಅಳಿಸಿ. ಅವು ಉಳಿದಿದ್ದರೆ ಮಗು ಗುಂಡಿ ಒತ್ತಿದರೂ ತಪ್ಪು ನಿಮ್ಮದೇ. ಮಾರಿದವರಿಂದ ಕಾಗದ ಕೇಳಿ. ಸೆಟ್ ಹಸ್ತಾಂತರಕ್ಕೂ ನಿಯಮವಿರುವ ದೇಶಗಳಿವೆ.

ಹೆಸರಾಂತ ಕಂಪನಿಯ ಕೆಳಹಂತದ ಹ್ಯಾಮ್ ಸೆಟ್

ಯೆಸು, ಐಕಾಂನಂಥವರ ಸಾದಾ ಮಾಡೆಲ್. ಅಗ್ಗದ ಸೆಟ್‌ಗಿಂತ ಹಲವು ಪಟ್ಟು ಬೆಲೆ. ಅವುಗಳಲ್ಲಿ ಕೆಲವೂ ಚೀನಾದಲ್ಲೇ ತಯಾರಾಗುತ್ತವೆ, ಹಾಗಾಗಿ ‘ಚೀನಾ ಅಂದ್ರೆ ಕಳಪೆ’ ಎಂಬ ಮಾತನ್ನು ಬಿಡಿ. ವ್ಯತ್ಯಾಸ ಇರುವುದು ಫಿಲ್ಟರ್‌ನಲ್ಲಿ, ಕಾರ್ಖಾನೆಯ ತಪಾಸಣೆಯಲ್ಲಿ, ಮತ್ತು ಕಾಗದಕ್ಕೆ ಹೊಣೆ ಹೊರುವವರು ಇದ್ದಾರಾ ಅನ್ನುವುದರಲ್ಲಿ. ಇಲ್ಲಿ ಗಮನಿಸಬೇಕಾದ್ದು ಒಂದೇ: ಬೇರೆ ದೇಶದಿಂದ ನೆಂಟರ ಕೈಲಿ ತರಿಸಿದರೆ ಬೀಗ, ರಿಪೀಟರ್ ಶಿಫ್ಟ್ (ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ನಡುವಿನ ಅಂತರ), ಕಾಗದ ಎಲ್ಲ ಆ ದೇಶದ್ದೇ ಆಗಿರುತ್ತವೆ. ಕಸ್ಟಮ್ಸ್‌ನಲ್ಲಿ ಲೈಸೆನ್ಸ್ ತೋರಿಸಿ ಅಂದರೆ ನೆಂಟರು ತಡಬಡಾಯಿಸುತ್ತಾರೆ.

ಅಗ್ಗದ ಡಿಜಿಟಲ್ ಹ್ಯಾಂಡಿ

ಡಿಎಂಆರ್ (ಮಾತನ್ನು ಡಿಜಿಟಲ್ ಆಗಿ ಕಳಿಸುವ ಒಂದು ಪದ್ಧತಿ) ಸೆಟ್‌ಗಳಿಗೂ ಮೇಲಿನ ನಾಲ್ಕೂ ಅಳತೆ ಅನ್ವಯ. ಜೊತೆಗೆ ಒಂದು ಹೊಸ ಬಲೆ: ಎನ್‌ಕ್ರಿಪ್ಶನ್. ಮಾತನ್ನು ಗೂಢಲಿಪಿಯಲ್ಲಿ ಬಚ್ಚಿಡುವುದು ಹ್ಯಾಮ್ ಸೇವೆಗೆ ಒಗ್ಗದು. ಬೇರೆ ಬೇರೆ ದೇಶದ ಹ್ಯಾಮ್‌ಗಳ ನಡುವೆ ಅದನ್ನು ಅಂತರರಾಷ್ಟ್ರೀಯ ನಿಯಮವೇ ತಡೆಯುತ್ತದೆ. ಯಾರೋ ಕೊಟ್ಟ ಕೋಡ್‌ಪ್ಲಗ್ (ಸೆಟ್ಟಿನ ಚಾನೆಲ್, ಸೆಟ್ಟಿಂಗ್‌ಗಳ ಫೈಲ್) ತುಂಬಿದಾಗ ಆ ಗುಂಡಿ ಆನ್ ಆಗಿದೆಯಾ ನೋಡಿಕೊಳ್ಳಿ.

ಅಗ್ಗದ ಎಚ್‌ಎಫ್ ಸೆಟ್, ಕಿಟ್

ಐದು ವಾಟ್ ಆಸುಪಾಸಿನ ಪುಟ್ಟ ಎಚ್‌ಎಫ್ (30 ಮೆಗಾಹರ್ಟ್ಸ್‌ಗಿಂತ ಕೆಳಗಿನ) ಸೆಟ್‌ಗಳಲ್ಲಿ ಎರಡು ಬಗೆ. ವಿನ್ಯಾಸಕಾರರೇ ಬಹಿರಂಗಪಡಿಸಿದ ಕಿಟ್ ಒಂದು. ಅದನ್ನು ಕದ್ದು ಫಿಲ್ಟರ್ ಕತ್ತರಿಸಿದ ನಕಲು ಇನ್ನೊಂದು. ಕಿಟ್ಟನ್ನೇ ಆರಿಸಿ. ಕಟ್ಟಿ ಕಲಿತಂತೆಯೂ ಆಯಿತು, ಯುರೋಪಿನಂಥ ಕಡೆ ಕಿಟ್‌ಗೆ ವಿನಾಯಿತಿಯೂ ಇದೆ. ಶುದ್ಧತೆಗೆ ಮಾತ್ರ ವಿನಾಯಿತಿ ಇಲ್ಲ. ಅಮೆರಿಕದಲ್ಲಿ 30 ಮೆಗಾಹರ್ಟ್ಸ್‌ಗಿಂತ ಕೆಳಗೆ 43 ಡಿಬಿ ಬೇಕು. ಇವಕ್ಕೆ ಜೋಡಿಸಲೆಂದು ಮಾರುವ, ಲೋ-ಪಾಸ್ ಫಿಲ್ಟರ್ ಇಲ್ಲದ ಅಗ್ಗದ ಆಂಪ್ಲಿಫೈಯರ್ ಬೋರ್ಡ್‌ಗಳಿಂದ ದೂರ ಇರಿ. ಫಿಲ್ಟರ್ ನೀವೇ ಕಟ್ಟಿ ಅಳೆಯುವ ಧೈರ್ಯವಿದ್ದರೆ ಮಾತ್ರ ಕೈ ಹಾಕಿ.

ನಿಮಗೆ ಯಾವುದು?

ಲೈಸೆನ್ಸ್ ಇನ್ನೂ ಬಂದಿಲ್ಲ, ಮನೆಯವರ ಜೊತೆ ಚಾರಣದಲ್ಲಿ ಮಾತಾಡಬೇಕು ಅಷ್ಟೇ ಅಲ್ವಾ? ಹಾಗಾದರೆ ಈ ಮೇಲಿನ ಯಾವುದೂ ಬೇಡ. ನಿಮ್ಮ ದೇಶದ ಲೈಸೆನ್ಸ್ ಬೇಡದ ಸೇವೆಯ ಸೆಟ್ ಕೊಳ್ಳಿ. ಯುರೋಪಿನಲ್ಲಿ 446 ಮೆಗಾಹರ್ಟ್ಸ್‌ನ ಪಿಎಂಆರ್, ಅರ್ಧ ವಾಟ್. ಅಮೆರಿಕದಲ್ಲಿ ಎಫ್‌ಆರ್‌ಎಸ್, ಹೆಚ್ಚೆಂದರೆ 2 ವಾಟ್. ಎರಡರಲ್ಲೂ ಆಂಟೆನಾ ಬಿಚ್ಚುವಂತಿಲ್ಲ, ಅದೇ ಗುರುತು. ‘ಲೈಸೆನ್ಸ್ ಫ್ರೀ’ ಎಂದು ಮಾರುವ ಸೆಟ್‌ನ ಆಂಟೆನಾ ತಿರುಗಿಸಿದರೆ ಕೈಗೆ ಬಂತು ಅಂದರೆ ಅನುಮಾನಪಡಿ.

ಲೈಸೆನ್ಸ್ ಇದೆ, ಜೇಬು ಸಣ್ಣದು, ಊರಿನ ರಿಪೀಟರ್‌ಗೆ ಬಂದರೆ ಸಾಕು: ಬೀಗದ ಅಗ್ಗದ ಸೆಟ್, ಅಳತೆಯ ಷರತ್ತಿನ ಜೊತೆ. ರಿಪೀಟರ್ 70 ಸೆಂಟಿಮೀಟರ್‌ನದಾದರೆ ಇನ್ನೂ ನಿಶ್ಚಿಂತೆ. ಕಂಪ್ಯೂಟರ್ ಜೊತೆ ಗುದ್ದಾಡುವ ಚಾಳಿ ಇದ್ದವರು ಅಷ್ಟೇ ದುಡ್ಡಿಗೆ ಕಮರ್ಷಿಯಲ್ ಸೆಟ್ ತಗೊಳ್ಳಲಿ. ಪ್ರವಾಹ, ಭೂಕಂಪದ ಹೊತ್ತಿನ ಸ್ವಯಂಸೇವೆಗೂ ಅದೇ ಸರಿ. ಉಪಗ್ರಹದ ಹುಚ್ಚು ಹಿಡಿದಿದ್ದರೆ ಎರಡು ಮೀಟರ್‌ನಲ್ಲಿ ಮೇಲೆ ಕಳಿಸುತ್ತಾ 435ರ ಆಸುಪಾಸಿನಲ್ಲಿ ಕೇಳಬೇಕು. ಅಲ್ಲಿ ಕೊಳಕು ಸೆಟ್ ನಿಮ್ಮ ಕಿವಿಯನ್ನು ನೀವೇ ಮುಚ್ಚಿಕೊಂಡ ಹಾಗೆ. ಹೆಸರಾಂತ ಕಂಪನಿಯದಕ್ಕೆ ದುಡ್ಡು ಕೂಡಿಡಿ, ಅಲ್ಲಿಯವರೆಗೆ ಬರೀ ಕೇಳಿ.

ಕ್ಲಬ್‌ಗೆಂದು ಹತ್ತಾರು ಸೆಟ್ ಒಟ್ಟಿಗೆ ತರಿಸುವ ಯೋಚನೆ ಇರುವವರಿಗೆ ಒಂದು ಮಾತು. ಒಂದು ಸೆಟ್ ನಿಮ್ಮ ಬಳಕೆಗೆ ತರಿಸುವುದು ಬೇರೆ, ಹತ್ತು ತರಿಸಿ ಹಂಚುವುದು ಬೇರೆ. ಎರಡನೆಯದರಲ್ಲಿ ನೀವೇ ಆಮದುದಾರ, ಮೊದಲ ಪ್ರಶ್ನೆಯೂ ನಿಮ್ಮ ತಲೆಗೇ ಬರುತ್ತದೆ. ಅಂಥ ಸಂದರ್ಭದಲ್ಲಿ ದೇಶದೊಳಗೆ ಬಿಲ್ ಕೊಡುವ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳಿ. ಬಿಲ್‌ನಲ್ಲಿ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಪ್ರತಿ ಸೆಟ್‌ನ ಅಳತೆಯ ಸ್ಕ್ರೀನ್‌ಶಾಟ್ ಅದೇ ಫೈಲಿನಲ್ಲಿಡಿ. ಮುಂದೆ ಮಾರುವಾಗ ಕೊಳ್ಳುವವರ ಕಾಲ್‌ಸೈನ್ ಕೇಳಿ, ಲೈಸೆನ್ಸ್ ಪ್ರತಿ ಪಡೆದೇ ಸೆಟ್ ಕೊಡಿ.